ಲೀಶ್‌ಮನ್, ಜೀಮ್ಸಾ, ಜೆಎಸ್‌ಬಿ: ಡಿಎಂಎಲ್‌ಟಿ ಕಲಿಯುವವರು ಯಾವುದರಲ್ಲಿ ಕೈ ಪಳಗಿಸಬೇಕು?

ಕಾರವಾರ, ಕುಮಟಾ ಕಡೆ ಡಿಎಂಎಲ್‌ಟಿ (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ) ಕಲಿಯುವವರಿಗೆ ಸ್ಟೇನಿಂಗ್, ಅಂದರೆ ರಕ್ತಕಣಗಳಿಗೆ ಬಣ್ಣ ಹಾಕುವುದು, ಕೈಕೊಡುವುದು ಮಳೆ ಶುರುವಾಗುವ ಜೂನ್‌ನಿಂದ. ಒಂದೇ ರಕ್ತದ ಸ್ಮಿಯರ್‌ಗಳಿಗೆ (ಸ್ಲೈಡಿನ ಮೇಲೆ ಹರಡಿದ ರಕ್ತದ ಪದರ) ಮೂರೂ ಸ್ಟೇನ್ ಹಾಕಿ ನೋಡಿದರೆ ಯಾವುದು ಯಾತಕ್ಕೆ ಎಂಬುದು ತಾನೇ ತಿಳಿಯುತ್ತದೆ.

ಲೀಶ್‌ಮನ್‌ಗೆ ಪುಡಿ 0.15 ಗ್ರಾಂ, ಅಸಿಟೋನ್ ಇಲ್ಲದ ಮೆಥನಾಲ್ 100 ಮಿ.ಲೀ. ಮೆಥನಾಲೇ ಫಿಕ್ಸ್ ಮಾಡುವುದರಿಂದ (ಕಣಗಳನ್ನು ಸ್ಲೈಡಿಗೆ ಹಿಡಿದಿಡುವುದರಿಂದ) ಬೇರೆ ಫಿಕ್ಸಿಂಗ್ ಬೇಡ. ಸ್ಮಿಯರ್ ಮುಚ್ಚುವಷ್ಟು ಸ್ಟೇನ್ ಹಾಕಿ 2 ನಿಮಿಷ ಬಿಡಿ. ಅದರ ಎರಡರಷ್ಟು 6.8 ಪಿಎಚ್ ಬಫರ್ ಬೆರೆಸಿ 7ರಿಂದ 10 ನಿಮಿಷ. ಸ್ಟೇನನ್ನು ಮೊದಲು ಚೆಲ್ಲಿ ಆಮೇಲೆ ತೊಳೆದರೆ ಮೇಲಿನ ಕೆನೆ ಸ್ಲೈಡಿಗೇ ಅಂಟುತ್ತದೆ. ರ‍್ಯಾಕಿನ ಮೇಲಿದ್ದಂತೆಯೇ ನೀರು ಬಿಟ್ಟು ತೇಲಿಸಿ ಕಳೆಯಬೇಕು.

ಡಿಫರೆನ್ಷಿಯಲ್ ಕೌಂಟಿಗೆ, ಅಂದರೆ ಬಿಳಿಕಣಗಳನ್ನು ಬಗೆಬಗೆಯಾಗಿ ಎಣಿಸಲು, ನಮ್ಮ ಮತ ಇದಕ್ಕೇ. ಎಲ್ಲ ಕೆಂಪಾಗಿ ಕಂಡರೆ ಬಫರ್ ಆಮ್ಲೀಯ. ನೀಲಿಯಾದರೆ ಬಫರ್ ಕ್ಷಾರೀಯ, ಇಲ್ಲವೇ ಸ್ಮಿಯರ್ ದಪ್ಪ, ಇಲ್ಲವೇ ತೊಳೆದದ್ದು ಸಾಲದು. ಮಳೆಗಾಲದ ಕಾಟ ಬೇರೆ. ಮುಚ್ಚಳ ಸಡಿಲವಿದ್ದರೆ ಮೆಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಸ್ಮಿಯರ್ ಕೂಡ ಬೇಗ ಆರುವುದಿಲ್ಲ. ಆಗ ಕೆಂಪುಕಣದೊಳಗೆ ಹೊಳೆಯುವ ಪೊಳ್ಳುಗಳು ಏಳುತ್ತವೆ. ಹೊಸಬರು ಅದನ್ನೇ ಮಲೇರಿಯಾ ರಿಂಗ್ (ಉಂಗುರದಂತೆ ಕಾಣುವ ಎಳೆಯ ಪರಾವಲಂಬಿ) ಎಂದು ಬರೆದುಬಿಡುತ್ತಾರೆ! ಫೈನ್ ಅಡ್ಜಸ್ಟ್‌ಮೆಂಟ್ ತಿರುಗಿಸಿದಾಗ ಹೊಳಪು ಬಂದು ಹೋದರೆ ಅದು ನೀರಿನ ಗುರುತು. ರಿಂಗ್ ಎನ್ನಲು ನೀಲಿ ಸೈಟೋಪ್ಲಾಸಂ, ಕೆಂಪು ಕ್ರೊಮ್ಯಾಟಿನ್ ಚುಕ್ಕೆ ಎರಡೂ ಕಾಣಬೇಕು. ಮೆಥನಾಲನ್ನು ಚಿಕ್ಕ ಬಾಟಲಿಗಳಿಗೆ ಹಂಚಿಟ್ಟುಕೊಳ್ಳಿ, ಸ್ಮಿಯರ್ ಎಳೆದ ತಕ್ಷಣ ಫ್ಯಾನ್ ಗಾಳಿಗೆ ಹಿಡಿಯಿರಿ.

ಮಲೇರಿಯಾ ಹುಡುಕುವುದೇ ಕೆಲಸವಾದರೆ ಜೀಮ್ಸಾ ಮೇಲು. ಬಫರ್ 7.2 ಇರಲಿ, 6.8ರಲ್ಲಿ ವೈವಾಕ್ಸ್ ಮಲೇರಿಯಾದಲ್ಲಿ ಕೆಂಪುಕಣದೊಳಗೆ ಮೂಡುವ ಶಫ್ನರ್ ಚುಕ್ಕೆಗಳು ಸರಿಯಾಗಿ ಏಳುವುದಿಲ್ಲ. ಅವಸರಕ್ಕೆ 10 ಶೇಕಡಾ ದ್ರಾವಣ, 10ರಿಂದ 15 ನಿಮಿಷ; ಸಾವಕಾಶ ಇದ್ದರೆ 3 ಶೇಕಡಾ, 45 ನಿಮಿಷ. ನಿಧಾನದ್ದೇ ಚೊಕ್ಕ, ಸ್ಟೇನೂ ಕಡಿಮೆ ಸಾಕು. ಥಿನ್ (ತೆಳು) ಸ್ಮಿಯರನ್ನು ಮೆಥನಾಲ್‌ನಲ್ಲಿ ಫಿಕ್ಸ್ ಮಾಡಿ, ಥಿಕ್ಕಿಗೆ (ದಪ್ಪ ಸ್ಮಿಯರಿಗೆ) ಮೆಥನಾಲಿನ ಹನಿಯೂ ತಾಗಬಾರದು. ತಾಗಿದರೆ ಹಿಮೋಗ್ಲೋಬಿನ್ ಕರಗದೆ ಏನೂ ಕಾಣುವುದಿಲ್ಲ. ಥಿಕ್ಕಿಗೆ ಬೆರಳಿನ ರಕ್ತವೇ ಒಳ್ಳೆಯದು, ಹೆಪ್ಪುಗಟ್ಟದಂತೆ ಇಡಿಟಿಎ ಬೆರೆಸಿದ ರಕ್ತದ್ದು ತೊಳೆಯುವಾಗ ಎದ್ದುಹೋಗುವುದುಂಟು. ನೀರು ಬೆರೆಸಿದ ಜೀಮ್ಸಾವನ್ನು ಮರುದಿನಕ್ಕೆ ಇಡಬೇಡಿ. ಆಯಿಲ್ ಇಮ್ಮರ್ಶನ್‌ನಲ್ಲಿ 100 ಫೀಲ್ಡ್ ನೋಡದೆ ನೆಗೆಟಿವ್ ಬರೆಯಲೂ ಬೇಡಿ.

ಜೆಎಸ್‌ಬಿ (ಜಸ್ವಂತ್ ಸಿಂಗ್–ಭಟ್ಟಾಚಾರ್ಜಿ) ಶಿಬಿರದ ಸ್ಟೇನ್, ಎರಡು ದ್ರಾವಣಗಳದ್ದು. ಫಿಕ್ಸ್ ಆದ ಥಿನ್ ಸ್ಮಿಯರನ್ನು ಎರಡನೇ ದ್ರಾವಣದಲ್ಲಿ, ಅಂದರೆ ಇಯೋಸಿನ್‌ನಲ್ಲಿ, 1–2 ಸೆಕೆಂಡ್ ಅದ್ದಿ ತೊಳೆದು, ಒಂದನೆಯದರಲ್ಲಿ 30–40 ಸೆಕೆಂಡ್. ಅಗ್ಗ, ಚುರುಕು. ಬಿಳಿಕಣ ಗುರುತಿಸಲು ಮಾತ್ರ ನೆಚ್ಚಬೇಡಿ.

ಶಿರಸಿ, ಸಿದ್ದಾಪುರದ ಕಾಡಂಚಿನ ಜ್ವರಕ್ಕೆ ಇನ್ನೊಂದು ಮಾತು. ಮಂಗನ ಕಾಯಿಲೆ ಯಾವ ಸ್ಟೇನಿಗೂ ಸಿಗದು, ಅದಕ್ಕೆ ವೈರಸ್ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಬೇಕು. ಆದರೆ ಬಿಳಿಕಣ, ಪ್ಲೇಟ್‌ಲೆಟ್ ಇಳಿದದ್ದು ಲೀಶ್‌ಮನ್ ಸ್ಲೈಡಿನಲ್ಲಿ ಕಂಡರೆ ರಿಪೋರ್ಟಿನಲ್ಲಿ ಬರೆದು ಡಾಕ್ಟರಿಗೆ ಅಂದೇ ತಿಳಿಸಿ.