ಚಳಿಗೆ ಕಟಕಟ ಅನ್ನುವ ಹಳೆ ಡೀಸೆಲ್ ಕಾರು: ಸ್ಕ್ಯಾನರ್, ಸ್ಟೆತಸ್ಕೋಪ್, ಕ್ಲ್ಯಾಂಪ್ ಮೀಟರ್‌ಗಳಲ್ಲಿ ಕೆಲಸಕ್ಕೆ ಬಂದದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕ್ಲ್ಯಾಂಪ್ ಮೀಟರ್‌ಗೆ, ಅಂದರೆ ವಯರಿನ ಸುತ್ತ ಹಿಡಿದು ಅದರಲ್ಲಿ ಹರಿಯುವ ಕರೆಂಟ್ ಅಳೆಯುವ ಸಾಧನಕ್ಕೆ.

ಚಳಿ ಶುರುವಾದ ಮೇಲೆ ನನ್ನ ಹಳೆ ಕಾಮನ್ ರೈಲ್ (ಒಂದೇ ಪೈಪಿನಿಂದ ಎಲ್ಲಾ ಸಿಲಿಂಡರ್‌ಗೂ ಭಾರೀ ಒತ್ತಡದಲ್ಲಿ ಇಂಧನ ಹೋಗುವ) ಡೀಸೆಲ್ ಕಾರು ಬೆಳಗ್ಗೆ ಸ್ಟಾರ್ಟ್ ಆದ ಕೂಡಲೇ ಕಟಕಟ ಬಡಿದುಕೊಳ್ಳುತ್ತಿತ್ತು. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ, ಐಡಲಿಂಗ್‌ನಲ್ಲಿ ನಡುಕ. ಇಂಜಿನ್ ಬಿಸಿಯಾದರೆ ಎಲ್ಲಾ ಮಾಯ. ಗ್ಯಾರೇಜ್ ತಲುಪುವಷ್ಟರಲ್ಲಿ ಸದ್ದೇ ಇರುತ್ತಿರಲಿಲ್ಲ. ಆದರೂ ಒಂದು ಕಡೆ ‘ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು’ ಅಂದುಬಿಟ್ಟರು. ಕೇಳದ ಸದ್ದಿಗೆ ಅಷ್ಟು ದೊಡ್ಡ ತೀರ್ಮಾನ ನನಗೆ ಒಪ್ಪಿಗೆಯಾಗಲಿಲ್ಲ. ಮೂರೂ ಸಾಧನ ಕೊಂಡು ನಾನೇ ನೋಡಲು ಕೂತೆ.

ಬೇರಿಂಗ್ ಮಾತು ನಂಬದಿರಲು ಕಾರಣವಿತ್ತು. ಸವೆದ ಬೇರಿಂಗ್ ಸಾಮಾನ್ಯವಾಗಿ ಆಯಿಲ್ ಬಿಸಿಯಾಗಿ ತೆಳುವಾದಾಗ ಜಾಸ್ತಿ ಬಡಿಯುತ್ತದೆ. ನನ್ನದು ತದ್ವಿರುದ್ಧ. ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ತಣ್ಣಗಿರುವ ಇಂಜಿನ್‌ನಲ್ಲಿ ಆ ಹೊತ್ತಿಕೊಳ್ಳುವುದು ಸ್ವಲ್ಪ ತಡವಾಗುತ್ತದೆ. ಅಷ್ಟರಲ್ಲಿ ಒಳಗೆ ಬಂದು ಸೇರಿದ ಡೀಸೆಲ್ಲೆಲ್ಲ ಒಮ್ಮೆಲೇ ಉರಿದು ಒತ್ತಡ ದಿಢೀರ್ ಏರುತ್ತದೆ. ಆ ಏಟೇ ನಮಗೆ ಕೇಳುವ ಕಟಕಟ. ಹೊತ್ತಿಕೊಳ್ಳದೆ ಉಳಿದದ್ದು ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ. ಸದ್ದು, ಬಿಳಿ ಹೊಗೆ ಎರಡೂ ಒಟ್ಟಿಗೆ ಬಂದು ಒಟ್ಟಿಗೆ ಹೋದರೆ ಮೊದಲ ಅನುಮಾನ ಗ್ಲೋ ಪ್ಲಗ್ ಮೇಲೆ, ಅಂದರೆ ಸ್ಟಾರ್ಟ್ ಮಾಡುವ ಮುನ್ನ ಸಿಲಿಂಡರ್ ಒಳಗೆ ಬಿಸಿ ಕೊಡುವ ಸಣ್ಣ ಹೀಟರ್ ಮೇಲೆ.

ಈಗ ಸ್ಕ್ಯಾನರ್. ಎಲ್ಲರೂ ಮೊದಲು ಹೇಳುವುದು ಇದನ್ನೇ, ನಾನು ಮೊದಲು ಕೊಂಡದ್ದೂ ಇದನ್ನೇ. ಕಾರಿನ ಕಂಪ್ಯೂಟರ್ ಹೇಳುವುದನ್ನು ಓದಲು ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಸಣ್ಣ ಅಡಾಪ್ಟರ್. ಇದರ ತಾಪತ್ರಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಸ್ಕ್ಯಾನರ್ ಕಾರಿನ ಜೊತೆ ಮಾತಾಡಬೇಕಾದರೆ ಇಗ್ನಿಷನ್ ಆನ್ ಇರಬೇಕು. ಇಗ್ನಿಷನ್ ಆನ್ ಮಾಡಿದರೆ ಗ್ಲೋ ಪ್ಲಗ್ ಬಿಸಿಯಾಗಲು ಶುರು. ಆಪ್ ಹುಡುಕುತ್ತಾ ಕೂರುತ್ತದೆ, ಸಿಗಲಿಲ್ಲ ಅನ್ನುತ್ತದೆ. ಕೀ ಆಫ್ ಮಾಡಿ ಮತ್ತೆ ಆನ್ ಮಾಡುತ್ತೇವೆ, ಪ್ಲಗ್ ಇನ್ನೊಂದು ಸಲ ಬಿಸಿಯಾಗುತ್ತದೆ. ಕೊನೆಗೂ ಕನೆಕ್ಟ್ ಆಗಿ ಸೆಲ್ಫ್ ಹೊಡೆದರೆ ಬ್ಯಾಟರಿ ವೋಲ್ಟೇಜ್ ಕುಸಿದು ಅಡಾಪ್ಟರ್ ರೀಸೆಟ್ ಆಗಿಬಿಡುತ್ತದೆ. ಮತ್ತೆ ಕನೆಕ್ಟ್ ಆಗುವ ಹೊತ್ತಿಗೆ ಇಂಜಿನ್‌ಗೆ ಬಿಸಿ ಹತ್ತಿ ಸದ್ದು ಅರ್ಧ ಇಳಿದಿರುತ್ತದೆ. ಅಲ್ಲಿಗೆ ಆ ದಿನದ ಅವಕಾಶ ಮುಗಿಯಿತು. ಇಂಜಿನ್ ಪೂರ್ತಿ ತಣ್ಣಗಾಗಲು ಮತ್ತೆ ಒಂದು ರಾತ್ರಿ ಕಾಯಬೇಕು. ಹೀಗೆ ಬೆಳಗಿನ ಮೇಲೆ ಬೆಳಗು ಹೋದವು.

ಇಷ್ಟೆಲ್ಲ ಆದ ಮೇಲೂ ಫಾಲ್ಟ್ ಕೋಡ್ (ತೊಂದರೆ ಏನೆಂದು ಹೇಳುವ ಸಂಕೇತ) ಬರಲಿಲ್ಲ. ಹಳೆ ಕಾರುಗಳಲ್ಲಿ ಎಷ್ಟೋ ಸಲ ಒಂದೇ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ನಾಲ್ಕೂ ಪ್ಲಗ್‌ಗೆ ಕರೆಂಟ್ ಕೊಡುತ್ತದೆ. ಒಂದೊಂದು ಪ್ಲಗ್ ಬದುಕಿದೆಯೋ ಸತ್ತಿದೆಯೋ ಅಂತ ಕಂಟ್ರೋಲರ್, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ನೋಡುವುದೇ ಇಲ್ಲ. ಇಂಜೆಕ್ಟರ್ ಕರೆಕ್ಷನ್ ಲೆಕ್ಕ (ಒಂದೊಂದು ಸಿಲಿಂಡರ್‌ಗೂ ಡೀಸೆಲ್ ಎಷ್ಟು ಹೆಚ್ಚುಕಮ್ಮಿ ಮಾಡುತ್ತಿದೆ ಅನ್ನುವುದು) ನೋಡೋಣ ಅಂದರೆ ಮಾಮೂಲಿ ಆಪ್‌ನಲ್ಲಿ ಅದೂ ಕಾಣಲಿಲ್ಲ.

ಆದರೆ ಈ ಪೇಚಾಟದಲ್ಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಕೀಯನ್ನು ಎರಡು ಮೂರು ಸಲ ಆನ್-ಆಫ್ ಮಾಡಿ ಸ್ಟಾರ್ಟ್ ಮಾಡಿದ ದಿನ ಕಟಕಟ ಕಡಿಮೆ, ಹೊಗೆಯೂ ಕಡಿಮೆ. ಇದಕ್ಕೆ ಯಾವ ಸಾಧನವೂ ಬೇಡ, ನೀವೂ ಮೊದಲು ಇದನ್ನೇ ಮಾಡಿ ನೋಡಿ. ಪ್ರತಿ ಸಲವೂ ಡ್ಯಾಶ್‌ಬೋರ್ಡಿನ ಗ್ಲೋ ದೀಪ ಆರುವವರೆಗೆ ತಡೆಯಬೇಕು, ಅಷ್ಟೇ. ಹೀಗೆ ಪ್ಲಗ್ ಬಿಸಿ ಮಾಡಿದಾಗ ಸದ್ದು ಇಳಿದರೆ ತೊಂದರೆ ಹೊತ್ತಿಕೊಳ್ಳುವುದರಲ್ಲಿದೆ. ಒಂಚೂರೂ ಬದಲಾಗದಿದ್ದರೆ ಪಿಸ್ಟನ್, ಟ್ಯಾಪೆಟ್, ಟೈಮಿಂಗ್ ಚೈನ್ ಕಡೆಗೂ ನೋಡಬೇಕಾಗುತ್ತದೆ.

ಸ್ಕ್ಯಾನರ್‌ನ ಒಂದು ಉಪಯೋಗ ಮಾತ್ರ ನಿಜಕ್ಕೂ ಒಳ್ಳೆಯದು. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲಂಟ್ ತಾಪಮಾನವೂ ಒಳಗೆ ಬರುವ ಗಾಳಿಯ ತಾಪಮಾನವೂ ಹೆಚ್ಚುಕಮ್ಮಿ ಒಂದೇ ಇರಬೇಕು. ಕೂಲಂಟ್ ಸೆನ್ಸರ್ ಮಾತ್ರ 40 ಡಿಗ್ರಿ ತೋರಿಸುತ್ತಿದ್ದರೆ ಇಂಜಿನ್ ಬಿಸಿಯಿದೆ ಅಂತ ತಿಳಿದು ಕಂಟ್ರೋಲರ್ ಗ್ಲೋ ಸಮಯ ಕಡಿತ ಮಾಡುತ್ತದೆ. ನನ್ನ ಕಾರಿನಲ್ಲಿ ಎರಡೂ ಸರಿಯಿದ್ದವು.

ಸ್ಟೆತಸ್ಕೋಪ್ ಅಂದರೆ ಮೆಕ್ಯಾನಿಕ್‌ಗಳು ಬಳಸುವ, ತುದಿಯಲ್ಲಿ ಕಡ್ಡಿ ಇರುವಂಥದ್ದು. ಸದ್ದು ಮೇಲಿಂದ ಬರುತ್ತಿದೆಯೋ ಕೆಳಗೆ ಆಯಿಲ್ ನಿಲ್ಲುವ ಸಂಪ್ ಕಡೆಯಿಂದಲೋ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಇಂಜೆಕ್ಟರ್‌ನ ಸಹಜ ಟಿಕ್ ಟಿಕ್ ಯಾವುದು ಅಂತ ಕಿವಿಗೆ ಅಭ್ಯಾಸವಾಗುತ್ತದೆ. ಆದರೆ ಉರಿಯುವ ಏಟಿನ ಸದ್ದು ಇಡೀ ಬ್ಲಾಕ್‌ನಲ್ಲಿ ಹರಡುತ್ತದೆ, ಯಾವ ಸಿಲಿಂಡರ್ ಅಂತ ಬೆರಳು ಮಾಡಿ ತೋರಿಸುವುದು ನನ್ನ ಕಿವಿಗೆ ಆಗಲಿಲ್ಲ. ಬೆಲ್ಟ್, ಫ್ಯಾನ್ ಹತ್ತಿರ ಕೈ ಹಾಕುವಾಗ ತುಂಬಾ ಜೋಪಾನ. ಇದರ ಜೊತೆಗೆ ಕ್ಲಚ್ ಒತ್ತಿಯೂ ನೋಡಿ. ಒತ್ತಿದಾಗ ಸದ್ದು ಬದಲಾದರೆ ಅದು ಫ್ಲೈವ್ಹೀಲ್ ಅಥವಾ ಗೇರ್‌ಬಾಕ್ಸ್ ಕಡೆಯದು.

ಹಳೆಯ ಮೆಕ್ಯಾನಿಕ್‌ಗಳು ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ಒಂದೊಂದೇ ಸಿಲಿಂಡರ್ ನಿಲ್ಲಿಸಿ ನೋಡುತ್ತಾರೆ ಅಲ್ವಾ? ಕಾಮನ್ ರೈಲ್ ಇಂಜಿನ್‌ನಲ್ಲಿ ಇದನ್ನು ಯಾವತ್ತೂ ಮಾಡಬೇಡಿ. ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ. ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಸಿಟೇನ್ (ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಅನ್ನುವ ಅಳತೆ) ಹೆಚ್ಚಿಸುವ ದ್ರವವನ್ನೂ ಟ್ಯಾಂಕಿಗೆ ಹಾಕಿದೆ. ಸದ್ದು ತುಸು ಮೆತ್ತಗಾಯಿತು. ಕಾರಣ ಮಾತ್ರ ಗೊತ್ತಾಗಲಿಲ್ಲ.

ಕೊನೆಗೆ ಕ್ಲ್ಯಾಂಪ್ ಮೀಟರ್. ಕೊಳ್ಳುವಾಗ ಒಂದು ಎಚ್ಚರ ಬೇಕು: ಅಗ್ಗದ ಎಷ್ಟೋ ಮೀಟರ್‌ಗಳ ಕ್ಲ್ಯಾಂಪ್ ಎಸಿ ಕರೆಂಟ್ ಮಾತ್ರ ಅಳೆಯುತ್ತದೆ. ನಮಗೆ ಬೇಕಾದದ್ದು ಡಿಸಿ ಆಂಪಿಯರ್ ಅಳೆಯುವಂಥದ್ದು. ಗ್ಲೋ ಪ್ಲಗ್‌ಗೆ ಹೋಗುವ ದಪ್ಪ ವಯರಿಗೆ ಕ್ಲ್ಯಾಂಪ್ ಹಾಕಿ, ಸೊನ್ನೆಗೆ ತಂದು, ಕೀ ಆನ್ ಮಾಡಿದರಾಯಿತು. ಏನೂ ಬಿಚ್ಚಬೇಕಿಲ್ಲ, ಇಂಜಿನ್ ಸ್ಟಾರ್ಟ್ ಕೂಡ ಮಾಡಬೇಕಿಲ್ಲ. ಕರೆಂಟ್ ಸೊನ್ನೆಯೇ ಇದ್ದರೆ ಮೊದಲು ರಿಲೇ, ಫ್ಯೂಸ್ ನೋಡಬೇಕು. ನಾಲ್ಕರಲ್ಲಿ ಒಂದು ಪ್ಲಗ್ ಸತ್ತಿದ್ದರೆ ಸುಮಾರು ಕಾಲು ಭಾಗ ಕಡಿಮೆ ಬರುತ್ತದೆ. ನನ್ನ ಮೀಟರ್‌ನಲ್ಲಿ ಬರಬೇಕಾದ್ದರ ಅರ್ಧವೇ ಬಂತು.

ಆಮೇಲೆ ಕೀ ಆಫ್ ಮಾಡಿ, ನಾಲ್ಕೂ ಪ್ಲಗ್ ಸೇರಿಸುವ ಪಟ್ಟಿ ತೆಗೆದು, ಅದೇ ಮೀಟರ್‌ನಲ್ಲಿ ಒಂದೊಂದರ ಓಮ್ ನೋಡಿದೆ. ಪಟ್ಟಿ ತೆಗೆಯದೆ ಅಳೆದರೆ ಸತ್ತ ಪ್ಲಗ್ ಕೂಡ ಚೆನ್ನಾಗಿರುವಂತೆಯೇ ತೋರುತ್ತದೆ. ಒಳ್ಳೆಯ ಪ್ಲಗ್ ಒಂದು ಓಮ್ ಆಸುಪಾಸಿನಲ್ಲಿರುತ್ತದೆ, ಆದ್ದರಿಂದ ಮೀಟರ್‌ನ ಎರಡೂ ಕಡ್ಡಿ ತಾಗಿಸಿ ಬರುವ ಸಂಖ್ಯೆಯನ್ನು ಮೊದಲು ಕಳೆಯಿರಿ. ನನ್ನ ಕಾರಿನಲ್ಲಿ ಎರಡು ಸರಿ, ಎರಡು ಪೂರ್ತಿ ಓಪನ್, ಅಂದರೆ ಅವುಗಳಲ್ಲಿ ಕರೆಂಟ್ ಹರಿಯುತ್ತಲೇ ಇರಲಿಲ್ಲ. ನಾಲ್ಕನ್ನೂ ಬದಲಾಯಿಸಿದೆ. ಕಟಕಟವೂ ಹೊಗೆಯೂ ಹೋದವು. ಡೀಸೆಲ್‌ನ ಸಹಜ ಗಡಸು ಸದ್ದು ಇದೆ, ಅದು ಇರುವಂಥದ್ದೇ.

ಹಳೆ ಪ್ಲಗ್ ತೆಗೆಯುವಾಗ ಅವಸರ ಮಾಡಬೇಡಿ. ಇಂಜಿನ್‌ನ ಮೇಲ್ಭಾಗವಾದ ಹೆಡ್‌ನಲ್ಲಿ ಪ್ಲಗ್ ಸಿಕ್ಕಿಕೊಂಡು ಮುರಿದರೆ ಒಂದು ಪ್ಲಗ್‌ನ ಕೆಲಸ ಹೆಡ್ ಬಿಚ್ಚುವ ಕೆಲಸವಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಇಂಜಿನ್ ಬೆಚ್ಚಗಿರುವಾಗ ನಿಧಾನಕ್ಕೆ ತಿರುಗಿಸಿ. ಹೊಸ ಇಂಜಿನ್‌ಗಳಲ್ಲಿ ಕಡಿಮೆ ವೋಲ್ಟೇಜಿನ ಪ್ಲಗ್‌ಗಳೂ ಇರುತ್ತವೆ. ಅವಕ್ಕೆ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತವೆ.

ನಾನು ದಿನಾ ಬೆಳಗ್ಗೆ ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡುವವನು, ಸಣ್ಣಪುಟ್ಟ ರಿಪೇರಿ ಮನೆಯಲ್ಲೇ ಮಾಡಿಕೊಳ್ಳುವವನು. ಮೀಟರ್ ಮನೆಯ ಬೇರೆ ವಯರಿಂಗ್ ಕೆಲಸಕ್ಕೂ ಆಗುತ್ತದೆ. ಹಾಗಾಗಿ ಇರುವ ದುಡ್ಡಿನಲ್ಲಿ ಒಂದೇ ಕೊಳ್ಳುವುದಾದರೆ ಡಿಸಿ ಕ್ಲ್ಯಾಂಪ್ ಮೀಟರನ್ನೇ ಕೊಳ್ಳುತ್ತೇನೆ. ನಿಮ್ಮ ಕಾರಿನ ಸದ್ದು ಇಂಜಿನ್ ಬಿಸಿಯಾದ ಮೇಲೂ ಉಳಿದರೆ ಅಥವಾ ಜಾಸ್ತಿಯಾದರೆ ಮಾತ್ರ ಇದನ್ನು ಪಕ್ಕಕ್ಕಿಡಿ. ಆಯಿಲ್ ಮಟ್ಟ, ಆಯಿಲ್ ಪ್ರೆಷರ್ ನೋಡಿಸಿ, ಅಲ್ಲಿಯವರೆಗೆ ಗಾಡಿ ಓಡಿಸಬೇಡಿ.