ಮೂರು ಕಾಲಿನ ನಾಯಿಮರಿಗೆ ಹಿಡಿಕೆ ಇರುವ ಹಾರ್ನೆಸ್: ಕೊಳ್ಳಬಹುದಾ?

ಅಪಘಾತದಲ್ಲಿ ಒಂದು ಮುಂಗಾಲು ಕಳೆದುಕೊಂಡ ನಮ್ಮ ನಾಯಿಮರಿ ಚಿನ್ನಿಗೆ ಬೆನ್ನ ಮೇಲೆ ಹಿಡಿಕೆ ಇರುವ ಹಾರ್ನೆಸ್ (ಕತ್ತಿಗಲ್ಲ, ಎದೆ-ಮೈ ಸುತ್ತ ಹಾಕುವ ಪಟ್ಟಿ) ತರಿಸಿದೆವು. ಖಂಡಿತ ಕೊಳ್ಳಿ. ನಾಯಿ ತನ್ನ ಭಾರದ ಸುಮಾರು 60% ಹೊರುವುದು ಮುಂಗಾಲುಗಳ ಮೇಲೆ, ಹಾಗಾಗಿ ಉಳಿದ ಒಂದೇ ಮುಂಗಾಲಿಗೆ ಎಷ್ಟು ಕೆಲಸ ಬೀಳುತ್ತದೆ ನೋಡಿ. ಮೆಟ್ಟಿಲು ಹತ್ತಿಸುವಾಗ, ಆಟೋದಿಂದ ಇಳಿಸುವಾಗ ಆ ಹಿಡಿಕೆ ಹಿಡಿದುಕೊಂಡರೆ ಮರಿ ಮುಗ್ಗರಿಸುವುದಿಲ್ಲ. ಕತ್ತಿನ ಬೆಲ್ಟ್‌ಗೆ ಹಗ್ಗ ಕಟ್ಟಿ ಎಳೆದರೆ ಪಾಪ, ನಿಲ್ಲುವುದೇ ಕಷ್ಟ.

ಕೊರತೆ ಒಂದಿದೆ. ಕಾಲಿಲ್ಲದ ಕಡೆ ಪಟ್ಟಿ ಜಾರಿ ಚರ್ಮಕ್ಕೆ ಉಜ್ಜುತ್ತದೆ. ನಾವು ಟೈಲರ್ ಹತ್ತಿರ ಒಳಗಡೆ ಮೆತ್ತನೆ ಬಟ್ಟೆ ಹೊಲಿಸಿದೆವು, ಈಗ ತೊಂದರೆ ಇಲ್ಲ. ಮರಿ ಬೇಗ ಬೆಳೆಯುತ್ತದೆ ಅಲ್ವಾ, ಆದ್ದರಿಂದ ಪಟ್ಟಿ ಸಡಿಲಿಸಲು ಬರುವಂಥದ್ದನ್ನೇ ತೆಗೆದುಕೊಳ್ಳಿ, ಒಳಗೆ ಎರಡು ಬೆರಳು ತೂರುವಷ್ಟು ಜಾಗ ಯಾವಾಗಲೂ ಇರಲಿ.

ಆದರೆ ಹಾರ್ನೆಸ್ ಒಂದೇ ಸಾಲದು. ಟೈಲ್ಸ್, ಗ್ರಾನೈಟ್ ನೆಲದ ಮೇಲೆ ರಬ್ಬರ್ ಮ್ಯಾಟ್ ಹಾಸಲೇಬೇಕು, ಉಗುರು ಉದ್ದ ಬಿಡಬಾರದು. ಅಯ್ಯೋ ಪಾಪ ಅಂತ ಸುಮ್ನೆ ಬಿಸ್ಕತ್ತು ತಿನ್ನಿಸಬೇಡಿ, ತೂಕ ಜಾಸ್ತಿಯಾದರೆ ಕೀಲುಗಳಿಗೇ ಪೆಟ್ಟು. ಕೈಯಾಡಿಸಿದರೆ ಪಕ್ಕೆಲುಬು ಸುಲಭವಾಗಿ ಸಿಗಬೇಕು. ಒಳ್ಳೆಯ ಪಪ್ಪಿ ಫುಡ್ ಕೊಡುತ್ತಿದ್ದರೆ ಅದರಲ್ಲೇ ಕ್ಯಾಲ್ಸಿಯಂ ಇರುತ್ತದೆ, ಡಾಕ್ಟರ್ ಹೇಳದೆ ಮೇಲಿಂದ ಸಿರಪ್ ಹಾಕಬೇಡಿ, ಬೆಳೆಯುವ ಮೂಳೆಗೆ ಅತಿಯಾದರೂ ಕೆಡುಕೇ. ಒಂದೇ ಸಲ ದೂರ ನಡೆಸುವ ಬದಲು ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ನಡೆಸಿ, ಕುಂಟುತ್ತಾ ನಿಂತರೆ ಎತ್ತಿಕೊಂಡು ಬನ್ನಿ.