ಸೂಪರ್ ಗ್ಲೂ ಹಿಡಿಯುವ ಮುನ್ನ ಹೆಗಲ ಮೇಲಿನ ಬೈರಾಸನ್ನು ಹೊರಗಿಟ್ಟು ಬನ್ನಿ

ಮರವನ್ನು ತಿರುಗಿಸುವ ಲೇತ್ ಯಂತ್ರದಲ್ಲಿ ಪೆನ್ನು ಕಡೆಯುವವರಿಗೆ ಉಳಿಯ ಭಯವಿರುತ್ತದೆ, ಗರಗರ ತಿರುಗುವ ಮರದ ಭಯವಿರುತ್ತದೆ. ನನ್ನ ಎಡತೊಡೆ ಸುಟ್ಟದ್ದು ಇವೆರಡರಿಂದಲೂ ಅಲ್ಲ. ಆ ಹೊತ್ತಿಗೆ ಲೇತ್ ನಿಂತಿತ್ತು, ಬೆಂಕಿ ಇರಲಿಲ್ಲ, ಕರೆಂಟು ಕೂಡ ಹೋಗಿತ್ತು. ಇದ್ದದ್ದು ಒಂದು ಸಣ್ಣ ಬಾಟಲಿ ಅಂಟು, ಮತ್ತೆ ನಾನು ಉಟ್ಟಿದ್ದ ಹತ್ತಿಯ ಪಂಚೆ.

ಹೋದ ವರ್ಷ ಮಳೆಗಾಲದ ಆಟಿ ತಿಂಗಳ ಒಂದು ಭಾನುವಾರ. ಉಡುಪಿಯ ನಮ್ಮ ಮನೆಯ ಹಿಂದಿನ ಸೌದೆ ಕೊಟ್ಟಿಗೆಯೇ ನನ್ನ ಕಾರ್ಖಾನೆ. ಹಳೆಯ ಮನೆ ಕೆಡವಿದಾಗ ಉಳಿಸಿಕೊಂಡಿದ್ದ ಹಲಸಿನ ಕಿಟಕಿಯ ಚೌಕಟ್ಟಿನಿಂದ ದೊಡ್ಡಪ್ಪನಿಗೊಂದು ಪೆನ್ನು ಮಾಡುತ್ತಿದ್ದೆ. ಅವರು ಹುಟ್ಟಿದ್ದು ಆ ಮನೆಯಲ್ಲಿ. ಮರದ ತುಂಡಿಗೆ 7 ಮಿ.ಮೀ. ತೂತು ಕೊರೆದು, ಹಿತ್ತಾಳೆಯ ಕೊಳವೆ ಕೂರಿಸಿ, ಲೇತ್‌ಗೇರಿಸಿ ಕಡೆದದ್ದಾಗಿತ್ತು. ಸ್ಯಾಂಡ್ ಪೇಪರ್ ಉಜ್ಜಿ, ಹೊಳಪಿಗಾಗಿ ಅದೇ ಸೂಪರ್ ಗ್ಲೂವಿನ ನಾಲ್ಕು ತೆಳು ಲೇಪ ಕೊಟ್ಟಿದ್ದೆ. ಹತ್ತಾದರೂ ಬೇಕೆನ್ನುವುದು ನನ್ನ ಹಟ. ಅಷ್ಟರಲ್ಲಿ ಕರೆಂಟು ಹೋಯಿತು. ಮಬ್ಬಿನಲ್ಲಿ ಟಾರ್ಚ್ ಹಿಡಿದು ನೋಡಿದರೆ ಒಂದು ತುದಿಯಲ್ಲಿ ಕೂದಲೆಳೆಯಂಥ ಬಿರುಕು. ತೂತು ಕೊರೆಯುವಾಗ ಆತುರದಿಂದ ಒತ್ತಿ ಮರವನ್ನು ಬಿಸಿ ಮಾಡಿದ್ದರ ಫಲ.

ಬಿರುಕಿಗೆ ಇಳಿಯುವುದು ನೀರಿನಷ್ಟು ತೆಳುವಾದ ಅಂಟು ಮಾತ್ರ. ಸ್ಟೂಲಿನ ಮೇಲೆ ಕುಳಿತು ಬಾಟಲಿಯ ಮುಚ್ಚಳ ತೆಗೆದೆ. ಮೂತಿ ಕಟ್ಟಿಕೊಂಡಿತ್ತು, ಈ ಕರಾವಳಿಯ ತೇವದಲ್ಲಿ ಅದು ದಿನನಿತ್ಯದ ಕಥೆ. ಮೂತಿಯನ್ನೇ ಕಳಚಿದೆ. ಕೈ ಜಾರಿತು. ಅರ್ಧ ಬಾಟಲಿ ತೊಡೆಯ ಮೇಲೆ.

ಮೊದಲ ಕ್ಷಣ ತಣ್ಣಗಿತ್ತು. ‘ಅಯ್ಯೋ, ಪಂಚೆ ಹಾಳಾಯಿತಲ್ಲ’ ಎಂದಷ್ಟೇ ಅನಿಸಿದ್ದು. ಹೆಗಲ ಮೇಲಿದ್ದ ಬೈರಾಸನ್ನು, ಅದೂ ಹತ್ತಿಯ ಟವೆಲೇ, ಎಳೆದು ಅದರ ಮೇಲೆ ಒತ್ತಿದೆ. ನಾನು ಮಾಡಿದ ಎರಡನೆಯ ತಪ್ಪು ಇದು, ಮೊದಲನೆಯದಕ್ಕಿಂತ ದೊಡ್ಡದು. ಉಸಿರು ಎಳೆದುಕೊಳ್ಳುವುದರೊಳಗೆ ಬಿಸಿ ಎದ್ದಿತು. ಚಹಾ ಚೆಲ್ಲಿದ ಬಿಸಿಯಲ್ಲ, ದೋಸೆಕಾವಲಿಯ ಬಿಸಿ. ಬಿಳಿ ಹೊಗೆ ಮುಖಕ್ಕೆ ಅಡರಿ ಕಣ್ಣು ಉರಿಯಿತು. ಬಟ್ಟೆ ಹಲಗೆಯಂತೆ ಸೆಟೆದು ಚರ್ಮವನ್ನು ಹಿಡಿದುಕೊಂಡಿತು. ಕಿತ್ತೆ. ಬಟ್ಟೆಯ ಜೊತೆ ಚರ್ಮವೂ ಬಂತು.

ನನ್ನ ಕೂಗಿಗೆ ಹೆಂಡತಿ ಓಡಿ ಬಂದಳು. “ಎಂಥ ಆಯಿತು ಮಾರಾಯರೆ?” ಎಂದವಳು ಉತ್ತರಕ್ಕೆ ಕಾಯದೆ ಕೊಡಪಾನದ ನೀರನ್ನು ತೊಡೆಗೆ ಸುರಿದಳು, ಮತ್ತೆ ಮತ್ತೆ ತಂದು ಸುರಿದಳು. ಆ ದಿನ ಯಾರಾದರೂ ಸರಿಯಾದದ್ದೊಂದು ಮಾಡಿದ್ದರೆ ಅದು ಅವಳೇ. ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಿಡಿದು ಬಂದಿದ್ದರು. ಅವರನ್ನು ಬಾಗಿಲಲ್ಲೇ ತಡೆದದ್ದೂ ಅವಳೇ.

ಆಸ್ಪತ್ರೆಯಲ್ಲಿ ಎಳೆಯ ವೈದ್ಯರು “ಯಾವ ಆಸಿಡ್?” ಎಂದು ಕೇಳಿದರು. ಅಂಟು ಎಂದಾಗ ನನ್ನ ಮುಖವನ್ನೊಮ್ಮೆ ನೋಡಿದರು. ಅಂಗೈಯಗಲದ ಗಾಯ, ನೀರ್ಗುಳ್ಳೆಗಳು, ನಡುವೆ ಕೀಳಲಾಗದ ಒಂದು ತುಣುಕು ಪಂಚೆ. ಅವರು ಅಂಚುಗಳನ್ನಷ್ಟೇ ಕತ್ತರಿಸಿ ಬಿಟ್ಟರು. ಅದು ತಾನಾಗಿ ಬಿಟ್ಟುಕೊಳ್ಳಲು ಒಂಬತ್ತು ದಿನ ಬೇಕಾಯಿತು. ಆ ವರ್ಷ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ರಥಬೀದಿಯ ಕಡೆ ಹೋಗಲಿಲ್ಲ. ಆ ನೂಕುನುಗ್ಗಲಲ್ಲಿ ಯಾರ ಮೊಣಕೈ ತಗಲಿದರೂ ಮುಗಿಯಿತು.

ಮಲಗಿದ್ದಲ್ಲೇ ಓದಿ ತಿಳಿದದ್ದು ಇಷ್ಟು. ಈ ಅಂಟಿನ ಹೆಸರು ಸಯನೋಆಕ್ರಿಲೇಟ್. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿನೋಟಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಸಿಕ್ಕಿದ್ದು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಆಗ ಮೂಲೆಗೆ ತಳ್ಳಿದ್ದರು; 1958ರಲ್ಲಿ ಅದೇ ಗುಣಕ್ಕಾಗಿ ಮಾರಾಟಕ್ಕೆ ಬಂತು. ಇದು ಒಣಗಿ ಗಟ್ಟಿಯಾಗುವುದಲ್ಲ, ತೇವ ತಗಲಿದರೆ ಗಟ್ಟಿಯಾಗುವುದು, ಗಟ್ಟಿಯಾಗುವಾಗ ಶಾಖ ಬಿಡುವುದು. ಪೆನ್ನಿನ ಮೇಲೆ ತೆಳುವಾಗಿ ಸವರಿದಾಗ ಆ ಶಾಖ ಗೊತ್ತೇ ಆಗುವುದಿಲ್ಲ. ಹತ್ತಿಯಲ್ಲಾದರೆ ಲೆಕ್ಕವಿಲ್ಲದಷ್ಟು ಎಳೆಗಳು, ಎಲ್ಲದರಲ್ಲೂ ಒಂದಿಷ್ಟು ತೇವ. ಅಂಟು ಎಲ್ಲ ಎಳೆಗಳಿಗೂ ಒಮ್ಮೆಗೇ ಹರಡಿ ಒಮ್ಮೆಗೇ ಗಟ್ಟಿಯಾಗುತ್ತದೆ. ಶಾಖವೆಲ್ಲ ಒಂದೇ ಕಡೆ ಸೇರುತ್ತದೆ. ಬಟ್ಟೆಗೆ ಬೆಂಕಿ ಹತ್ತುವುದೂ ಉಂಟು. ಉಣ್ಣೆಯೂ ಹೀಗೆಯೇ. ಸಣ್ಣ ಟ್ಯೂಬಿನಲ್ಲಿ ಬರುವ, ಚಪ್ಪಲಿ ಅಂಟಿಸುವ ದಿಢೀರ್ ಗಮ್ ಕೂಡ ಇದೇ ಜಾತಿಯದು ಎಂಬುದನ್ನು ಪೆನ್ನು ಕಡೆಯದವರೂ ನೆನಪಿಡಬೇಕು.

ನನ್ನ ಸಿಟ್ಟಿರುವುದು ಆ ಬಾಟಲಿಯ ಮೇಲೆ. ದೊಡ್ಡ ಡಬ್ಬದಿಂದ ಸುರಿದು ಮಾರಿದ್ದು, ಚೀಟಿಯಲ್ಲಿ ‘ಮಕ್ಕಳಿಂದ ದೂರವಿಡಿ’ ಎಂಬುದು ಬಿಟ್ಟರೆ ಬೇರೇನೂ ಇಲ್ಲ. ಮಕ್ಕಳಿಂದ ದೂರವೇ ಇಟ್ಟಿದ್ದೆ. ಇನ್ನು ನಾನು ಪಾಠ ಕಲಿತ ವೀಡಿಯೊದಲ್ಲಿ ಒಬ್ಬ ಮಹಾಶಯ ಹಳೆಯ ಬನಿಯನ್ ತುಂಡಿನಿಂದ ಅಂಟು ಸವರಿ ತೋರಿಸುತ್ತಾನೆ. ಅವನ ಬೆರಳುಗಳು ಹೇಗೆ ಉಳಿದವೋ ದೇವರೇ ಬಲ್ಲ.

ಈಗ ನಾನು ಅಂಟು ಸವರುವುದು ಟಿಶ್ಯೂ ಕಾಗದದ ಬೆರಳಗಲದ ತುಂಡಿನಿಂದ, ಒಂದು ಸಲಕ್ಕೆ ಎರಡು ಹನಿ, ಅಷ್ಟೇ. ಕಾಗದವೂ ತುಸು ಬಿಸಿಯಾಗುತ್ತದೆ, ಆದ್ದರಿಂದ ಮುದ್ದೆ ಮಾಡಿ ನೆನೆಸುವಂತಿಲ್ಲ. ಭಾರದ ಮರದ ತುಂಡಿಗೆ ಗುಂಡಿ ಕೊರೆದು ಬಾಟಲಿಯನ್ನು ಅದರಲ್ಲೇ ನಿಲ್ಲಿಸುತ್ತೇನೆ. ಪಾಲಿಥೀನಿಗೆ ಈ ಅಂಟು ಹಿಡಿಯುವುದಿಲ್ಲ. ಹಾಲಿನ ಪ್ಯಾಕೆಟ್ ತೊಳೆದು ಸೀಳಿ ಮೇಜಿಗೆ ಹಾಸುತ್ತೇನೆ, ತೊಡೆಗೆ ದಪ್ಪ ಪ್ಲಾಸ್ಟಿಕ್ ಏಪ್ರನ್. ಹತ್ತಿಯ ಕೈಗವಸು ಬೇಡವೇ ಬೇಡ. ಲೇತ್ ತಿರುಗುವಾಗ ಯಾವ ಕೈಗವಸೂ ಬೇಡ, ಬೈರಾಸಂತೂ ಸುತ್ತಿಕೊಂಡರೆ ಕುತ್ತಿಗೆಯನ್ನೇ ಎಳೆದೀತು. ಅಷ್ಟಾಗಿಯೂ ಬಟ್ಟೆಗೆ ಚೆಲ್ಲಿದರೆ ಒರೆಸಲು ಹೋಗಬೇಡಿ. ಅಂಟಿಕೊಳ್ಳುವ ಮೊದಲೇ ಚರ್ಮದಿಂದ ದೂರಕ್ಕೆಳೆದು ಬಿಚ್ಚಿ ಎಸೆಯಿರಿ, ಆ ಹೊತ್ತಿನಲ್ಲಿ ಮರ್ಯಾದೆ ನೋಡುವಂತಿಲ್ಲ. ಅಂಟಿಕೊಂಡರೆ ಕೀಳಬೇಡಿ, ಇಪ್ಪತ್ತು ನಿಮಿಷ ತಣ್ಣೀರು ಹರಿಸಿ ಆಸ್ಪತ್ರೆಗೆ ಹೋಗಿ. ಅಂಟು ಕರಗಿಸುವ ಅಸಿಟೋನನ್ನು ಸುಟ್ಟ ಚರ್ಮದ ಹತ್ತಿರ ತರಬೇಡಿ.

ದೊಡ್ಡಪ್ಪನ ಪೆನ್ನು ಒಂದು ತಿಂಗಳು ಲೇತ್ ಮೇಲೆಯೇ ಕುಳಿತಿತ್ತು. ಐದನೆಯ ಲೇಪಕ್ಕೆ ಕೈ ಏಳಲಿಲ್ಲ. ಮೇಣ ತಿಕ್ಕಿ ಮುಗಿಸಿ ಕೊಟ್ಟುಬಿಟ್ಟೆ. ಅವರು ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿ, “ಹೊಳಪು ಸ್ವಲ್ಪ ಕಡಿಮೆಯಾಯಿತಲ್ಲ ಮಾರಾಯ” ಎಂದರು.